ಬಸ್ಸು ಬಂದ್ರು

ಊರಿಗೆ ಮರಳಿ ಎಂಟು ತಿಂಗಳಾಯಿತು. ತಂದ ಶೇಂಗಾ ಮುಗಿಯಿತು. ಹೆಂಡತಿ ಮೊಳಕಾಲ್ಮೂರು ಸೀರೆಯನ್ನು ಎರಡು ಮದುವೆಗೆ ಉಟ್ಟು, ಮಡಿಸಿ ಬೀರುವಿನಲ್ಲಿ ಇಟ್ಟದ್ದೂ ಆಯಿತು. ಎರಡು ಪದಗಳ ಒಂದು ವಾಕ್ಯ ಮಾತ್ರ ಮಡಿಸಿಟ್ಟಲ್ಲಿ ನಿಲ್ಲುತ್ತಿಲ್ಲ. ಅದನ್ನು ಹೇಳಿದವನು ಹತ್ತು ವರ್ಷದ ಹುಡುಗ. ಹೇಳಿಸಿದವನು ನಾನು.

ಕರಡು ತಿದ್ದುವುದು ನನ್ನ ಕೆಲಸ. ಮೈಸೂರಿನ ಅಚ್ಚುಕೂಟಗಳಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿದ್ದೇನೆ. ಕಣ್ಣಿಗೆ ಬಿದ್ದ ತಪ್ಪು ಕೈಯನ್ನು ಸುಮ್ಮನಿರಲು ಬಿಡುವುದಿಲ್ಲ. ಬೀದಿಯಲ್ಲಿ ಕೆಂಪು ಪೆನ್ನಿಗೆ ಕೆಲಸವಿಲ್ಲವಾದ್ದರಿಂದ ಫಲಕಗಳ ಫೋಟೊ ತೆಗೆದಿಟ್ಟುಕೊಳ್ಳುವ ಚಾಳಿ ಬೆಳೆದಿತ್ತು. 'ಮೋಸರನ್ನ', 'ಚಿತ್ರನ್ನ', 'ಊಟ ಸೀಗುತ್ತದೆ'. ಗೆಳೆಯರ ಕೂಟದಲ್ಲಿ ಇವುಗಳನ್ನು ತೋರಿಸಿ ನಗಿಸುವುದರಲ್ಲಿ ನನಗೊಂದು ಹೆಸರೇ ಇತ್ತು.

ಈ ಪ್ರಯಾಣಕ್ಕೆ ಜೊತೆಯಾದವನು ಅಚ್ಚುಕೂಟದ ಹಳೆಯ ಸಂಗಾತಿ, ಗದಗಿನವನು. ಇಬ್ಬರಿಗೂ ಬ್ರಹ್ಮಗಿರಿಯ ಅಶೋಕನ ಶಾಸನ ನೋಡುವ ಆಸೆ. ಅಕ್ಷರದಿಂದ ಹೊಟ್ಟೆ ಹೊರೆದವರು ನಾಡಿನ ಅತಿ ಹಳೆಯ ಅಕ್ಷರಗಳನ್ನು ಒಮ್ಮೆಯಾದರೂ ನೋಡದೆ ಸಾಯಬಾರದು ಎಂದು ಅವನೇ ಹೊರಡಿಸಿದ. ರಾತ್ರಿ ಉಳಿಯಲು ಮೊಳಕಾಲ್ಮೂರಿನಲ್ಲಿ ಅವನಿಗೆ ಪರಿಚಯದ ನೇಕಾರರ ಮನೆಯೊಂದಿತ್ತು.

ಮೈಸೂರಿನಿಂದ ನಾಗಮಂಗಲ, ಹುಳಿಯಾರು, ಹಿರಿಯೂರು ದಾಟಿ ಚಳ್ಳಕೆರೆಗೆ ಹೋಗುವುದು ಒಂದೇ ಹೆದ್ದಾರಿ. ದಾರಿ ಒಂದೇ ಆದರೂ ಮಾತು ಒಂದೇ ಅಲ್ಲ. ನಾಗಮಂಗಲದ ಕಡೆ ಹೊಲದಲ್ಲಿ ನಿಂತಿದ್ದ ಮುಸುಕಿನ ಜೋಳ ಹಿರಿಯೂರು ದಾಟುವಷ್ಟರಲ್ಲಿ ಮೆಕ್ಕೆಜೋಳವಾಗಿತ್ತು. "ನಮ್ಮಲ್ಲಿ ಗೋವಿನಜೋಳ" ಎಂದ ಗೆಳೆಯ. ತೆಂಗು ಹಿಂದೆ ಸರಿಯಿತು, ಅಡಿಕೆ ಅದಕ್ಕೂ ಮೊದಲೇ ಮಾಯವಾಯಿತು. ಉಳಿದದ್ದು ಬಯಲು, ಜಾಲಿ, ಕುರಿಮಂದೆ, ಮತ್ತೆ ಬಯಲು. ಮೋಡಗಳು ಮಲೆನಾಡಿನಲ್ಲೇ ಹೊರೆ ಇಳಿಸಿ ಇಲ್ಲಿಗೆ ಬರಿಗೈಯಲ್ಲಿ ಬರುತ್ತವೆ. ಆ ಬಯಲಿಗೆ ಒಗ್ಗಿದ್ದು ಶೇಂಗಾ, ಸಜ್ಜೆ, ನವಣೆ ಮತ್ತು ಕಂಬಳಿ ಕೊಡುವ ಕುರಿ.

ಚಳ್ಳಕೆರೆಯಲ್ಲಿ ಇಳಿದಾಗ ಬೆಳಗಿನ ಹಸಿವು. ಬಸ್‌ ನಿಲ್ದಾಣದ ಆಚೆಯ ಸಣ್ಣ ಹೋಟೆಲೊಂದಕ್ಕೆ ನುಗ್ಗಿದೆವು. ಗಾಜಿನ ಪೆಟ್ಟಿಗೆಯಲ್ಲಿ ಅರಿಸಿನ ಬಣ್ಣದ ಗುಡ್ಡೆ ಕಂಡು ಬಾಯಲ್ಲಿ ನೀರೂರಿತು.

"ಒಂದು ಪ್ಲೇಟು ಕಡ್ಲೆಪುರಿ ಒಗ್ಗರಣೆ ಕೊಡಪ್ಪ."

"ಪೂರಿ ಇಲ್ಲ ಸಾರ್. ಮಂಡಕ್ಕಿ ಐತೆ, ಇಡ್ಲಿ ಐತೆ."

ಅವನು ತೋರಿಸಿದ ಮಂಡಕ್ಕಿಯೇ ನಾನು ಕೇಳಿದ ಪುರಿ. ಗೆಳೆಯ ಸುಮ್ಮನಿರಲಿಲ್ಲ. "ಎರಡೂ ಅಲ್ರೀ, ಅದಕ್ಕ ಚುರಮರಿ ಅಂತಾರ. ಒಗ್ಗರಣಿ ಹಾಕಿದ್ರ ಸುಸಲಾ." ಹುಡುಗ ಇಬ್ಬರ ಮುಖವನ್ನೂ ನೋಡಿ, ಏನೂ ಹೇಳದೆ, ಎರಡು ತಟ್ಟೆ ತುಂಬಿ ತಂದಿಟ್ಟ. ಮೇಲೊಂದು ಮೆಣಸಿನಕಾಯಿ ಬಜ್ಜಿ. ನೆನೆದು ಮೆತ್ತಗಾದ ಮಂಡಕ್ಕಿಗೆ ಹುಣಸೆಯ ಹುಳಿ ಹದವಾಗಿ ಹತ್ತಿತ್ತು. ನಡುನಡುವೆ ಹುರಿಗಡಲೆ ಪುಡಿ ನಾಲಗೆಗೆ ತಾಗುತ್ತಿತ್ತು. ಅದನ್ನು ಹುರಿಗಡಲೆ ಎಂದದ್ದಕ್ಕೂ ಗೆಳೆಯ ತಕರಾರು ತೆಗೆದ. ಅವನಿಗೆ ಅದು ಪುಟಾಣಿ.

ತಿಂದು ತೃಪ್ತನಾದವನು ಮಧ್ಯಾಹ್ನದ ಬುತ್ತಿಯ ಯೋಚನೆಗೆ ಬಿದ್ದ. "ಕಟ್ಟಿಸಿಕೊಂಡು ಹೋಗಾಕ ಎರಡು ರೊಟ್ಟಿ, ಸಂಗಾಟ ಶೇಂಗಾ ಹಿಂಡಿ ಸಿಗ್ತೈತೇನ್ರಿ?"

ಗಲ್ಲಾಪೆಟ್ಟಿಗೆಯ ಮೇಲಿದ್ದ ಯಜಮಾನರು ತಲೆಯೆತ್ತಿದರು. "ಹಿಂಡಿ ಬೇಕಂದ್ರೆ ಮಿಲ್ ತಾವ ಹೋಗ್ಬೇಕು ಅಣ್ಣ. ಎಷ್ಟು ಎತ್ತು ಕಟ್ಟೀರಿ?"

ಹೋಟೆಲಿಗೆ ಹೋಟೆಲೇ ನಕ್ಕಿತು. ಗದಗಿನಲ್ಲಿ ಶೇಂಗಾ ಹಿಂಡಿ ಎಂದರೆ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ ಚಟ್ನಿಪುಡಿ. ಚಳ್ಳಕೆರೆ ಎಣ್ಣೆಯ ಊರು. ಎಣ್ಣೆ ಮಿಲ್ಲುಗಳಲ್ಲಿ ಮುಂಬಯಿ ಬಿಟ್ಟರೆ ನಾವೇ ಎಂದು ಒಂದು ಕಾಲಕ್ಕೆ ಹೇಳಿಕೊಂಡ ಊರು. ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಬಿಲ್ಲೆಯಲ್ಲದೆ ಬೇರೆ ಹಿಂಡಿ ಆ ಊರಿಗೆ ಯಾಕೆ ನೆನಪಾಗಬೇಕು? ಗೆಳೆಯನೂ ನಕ್ಕ. ನಗು ಕಿವಿಯವರೆಗೆ ಬರಲಿಲ್ಲ. ನಾನು ಮಾತ್ರ ಮನಸಾರೆ ನಕ್ಕೆ. ಹೊರಗೆ ಬಂದಾಗ ಎದುರಿನ ಖಾನಾವಳಿಯ ಗೋಡೆಯ ಮೇಲೆ 'ಹಕ್ಕಿ ರೊಟ್ಟಿ' ಎಂದು ಬಣ್ಣದಲ್ಲಿ ಬರೆದದ್ದು ಕಂಡಿತು. ಅಕ್ಕಿಗೆ ರೆಕ್ಕೆ ಬಂದಿತ್ತು. ಫೋಟೊ ತೆಗೆದುಕೊಂಡೆ.

ಬಳ್ಳಾರಿ ದಾರಿಯ ಬಸ್ಸು ತಳುಕಿನ ಮೇಲೆ ಹಾಯಿತು. ತ.ರಾ.ಸು. ಹೆಸರಿನ ಮೊದಲ 'ತ' ಈ ಊರು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರ ಊರೂ ಇದೇ. ಅತ್ತ ವೇದಾವತಿಯ ಬದಿಯ ಬೆಳಗೆರೆ. ಅಲ್ಲಿಯ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳ ಬಗ್ಗೆ ಬರೆದ ಪುಸ್ತಕದ ಹೆಸರು 'ಯೇಗ್ದಾಗೆಲ್ಲಾ ಐತೆ'. ಆ ಹಸ್ತಪ್ರತಿ ನನ್ನ ಮೇಜಿಗೆ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಗೆಳೆಯ ಕೇಳಿದ. 'ಐತೆ' ಹೊಡೆದು 'ಇದೆ' ಮಾಡುತ್ತಿದ್ದೆಯಾ? ಹಿಂಡಿಯ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಕಿಟಕಿಯ ಹೊರಗೆ ನೋಡಿದೆ. ಮಾಡುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು.

ಬ್ರಹ್ಮಗಿರಿ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೆಟ್ಟವೆಂದರೆ ಬಂಡೆ. ಯಾರೋ ಕೈತಪ್ಪಿ ಚೆಲ್ಲಿದಂತೆ ಬಂಡೆಯ ಮೇಲೆ ಬಂಡೆ. ಬಿ.ಎಲ್. ರೈಸ್ 1892ರಲ್ಲಿ ಈ ಸುತ್ತಿನ ಮೂರು ಶಾಸನಗಳನ್ನು ಲೋಕಕ್ಕೆ ತಿಳಿಸುವ ಮೊದಲೇ ಊರವರು ಈ ಕಲ್ಲಿಗೆ ಅಕ್ಷರಗುಂಡು ಎಂದು ಹೆಸರಿಟ್ಟಿದ್ದರು. ಓದಲು ಬಾರದಿದ್ದರೂ ಅದು ಅಕ್ಷರ ಎಂಬುದು ಅವರಿಗೆ ತಿಳಿದಿತ್ತು. ಜಟಿಂಗ ರಾಮೇಶ್ವರ ಬೆಟ್ಟದ ಕಲ್ಲು ಬಳೆಗಾರ ಗುಂಡು. ಸಿದ್ದಾಪುರದ್ದು ಎನಮನ ತಿಮ್ಮಯ್ಯನ ಗುಂಡ್ಲು, ಎಂದರೆ ಎಮ್ಮೆ ಕಾಯುವ ತಿಮ್ಮಯ್ಯನ ಬಂಡೆಗಳು. ಎನುಮು ತೆಲುಗಿನ ಎಮ್ಮೆ. ಗುಂಡ್ಲು ತೆಲುಗಿನ ಬಹುವಚನ. ನಡುವೆ ಕನ್ನಡದ ಷಷ್ಠಿ ಕೂತು ತಿಮ್ಮಯ್ಯನಿಗೆ ಅವನ ಬಂಡೆಗಳನ್ನು ಕೊಡಿಸಿದೆ.

ಕಬ್ಬಿಣದ ಸರಳುಗಳ ಆಚೆ ಸವೆದ ಬ್ರಾಹ್ಮಿ ಅಕ್ಷರಗಳು. ಭಾಷೆ ಪ್ರಾಕೃತ. ಸುವರ್ಣಗಿರಿಯ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಮಾತು ಅದು. 'ಇಸಿಲ' ಕನ್ನಡದ ಪದವೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಹಾಗಾದರೆ ಪ್ರಾಕೃತದ ಸಾಲಿನಲ್ಲಿ ಕನ್ನಡದ ಒಂದು ಪದ ಅಂದೇ ನುಸುಳಿ ಕೂತಿದೆ. ಕೆಳಗೆ ಬರೆದವನ ಹೆಸರು ಚಪಡ. ಉಳಿದದ್ದೆಲ್ಲ ಎಡದಿಂದ ಬಲಕ್ಕೆ ಹರಿಯುವ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಖರೋಷ್ಠಿ ವಾಯವ್ಯದ, ಗಾಂಧಾರದ ಕಡೆಯ ಲಿಪಿ. ಈ ಬಿಸಿಲಲ್ಲಿ ಅದನ್ನು ಓದಬಲ್ಲವರು ಅವನೊಬ್ಬನೇ ಇದ್ದಿರಬೇಕು. "ನಿನ್ನಂಥಾವ ಆಗ ಇದ್ದಿದ್ರ ಆ ಒಂದು ಪದಕ್ಕ ಕೆಂಪು ಗೆರಿ ಎಳೀತಿದ್ದ" ಎಂದ ಗೆಳೆಯ.

ಅಲ್ಲಿ ಗಮನಿಸಿದ ಇನ್ನೊಂದು ಸಂಗತಿಯ ತೂಕ ನನಗೆ ಆಮೇಲೆ ಗೊತ್ತಾಯಿತು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ ಎಂದು ಉಪದೇಶಿಸುವ ಆ ಶಾಸನ ಉಪದೇಶದಿಂದ ಶುರುವಾಗುವುದಿಲ್ಲ. ಇಸಿಲದವರ ಆರೋಗ್ಯ ವಿಚಾರಿಸುವುದರಿಂದ ಶುರುವಾಗುತ್ತದೆ.

ಮೊಳಕಾಲ್ಮೂರು ಸೇರುವಾಗ ಸಂಜೆ. ಊರಿನಿಂದ ಆಂಧ್ರದ ರಾಯದುರ್ಗ ಕೂಗಳತೆ ಎನ್ನುವಷ್ಟು ಹತ್ತಿರ. ಬೀದಿಯಲ್ಲಿ ಮಗ್ಗದ ಲಟಪಟ ಸದ್ದು. ನಮ್ಮ ಆತಿಥೇಯರು ಕುಳಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಅರ್ಧ ನೇಯ್ದ ಸೀರೆಯ ಅಂಚಿನಲ್ಲಿ ಗೋಪುರದ ಸಾಲು. ಕೈ ನಿಲ್ಲಿಸದೆಯೇ "ಬರ್ರಿ ಸಾರ್, ಕುಂದ್ರಿ" ಎಂದರು. ಹಾಸಿನ ಎಳೆಗೆ ಒಂದು ಬಣ್ಣ, ಹೊಕ್ಕಿನ ಎಳೆಗೆ ಒಂದು ಬಣ್ಣ ಇದ್ದದ್ದು ನೋಡಿ ಗೆಳೆಯ ಎರಡು ಭಾಷೆ ಕೂಡಿ ಬಾಳುವ ಬಗ್ಗೆ ಏನೋ ಕವಿತೆಯಂಥದ್ದು ಹೇಳಹೊರಟ. "ಬಣ್ಣ ಎಷ್ಟಾದ್ರೂ ಹಾಕಬೋದು ಸಾರ್, ಎಳೆ ಕಡಿದ್ರೆ ಗಂಟು ಹಾಕೋನು ನಾನೇ" ಎಂದು ಅವರು ಅವನ ಕವಿತೆಯನ್ನು ಅಲ್ಲಿಗೇ ಮುಗಿಸಿದರು.

ಅವರ ಮಗ ಐದನೇ ತರಗತಿ. ಕನ್ನಡ ಶಾಲೆ. ಚುರುಕು ಕಣ್ಣಿನ, ಮಾತಿನ ಹುಡುಗ. ಬಂದವರನ್ನು ಕಂಡು ಹಿಗ್ಗಿದವನು ಪ್ರಶ್ನೆಗಳ ಮಳೆ ಸುರಿಸಿದ. ಮೈಸೂರಲ್ಲಿ ಆನೆ ದಿನಾ ಬೀದೀಲಿ ಓಡಾಡ್ತವಾ? ನೀವು ಊಟ ತಿಂದ್ರಾ?

ಊಟ ತಿನ್ನುವುದಲ್ಲ, ಮಾಡುವುದು. ಅಷ್ಟನ್ನು ನುಂಗಿಕೊಂಡೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ಕೂಗಿದ್ದು ಕೇಳಿ ಹುಡುಗ ಓಡಿಹೋಗಿ, ಓಡಿಬಂದು, ಬಾಗಿಲಲ್ಲಿ ನಿಂತು ಹೇಳಿದ: "ಅವ್ವ ಕರೀತೈತೆ. ಬರಬೇಕಂತೆ."

ಮೂವತ್ತು ವರ್ಷದ ಚಾಳಿ ಬಾಯಿಗೆ ಬಂತು. "ಕರೀತೈತೆ ಅಲ್ಲ ಮರಿ, ಕರೀತಿದಾರೆ ಅನ್ನಬೇಕು. ನಿಮ್ಮವ್ವ ಏನು ದನಾನಾ?"

ತಮಾಷೆಗೇ ಅಂದದ್ದು. ಯಾರೂ ನಗಲಿಲ್ಲ. ಹುಡುಗ ನನ್ನನ್ನು ನೋಡಿದ. ಆಮೇಲೆ ಅಪ್ಪನನ್ನು ನೋಡಿದ. ಅಪ್ಪ ಮಗ್ಗದಲ್ಲಿ ಏನೋ ಸರಿಮಾಡತೊಡಗಿದರು. ಆನೆಯ ಪ್ರಶ್ನೆಗಳು ಅಲ್ಲಿಗೆ ನಿಂತವು.

ಒಳಗೆ ಹೋದರೆ ಕರೆದದ್ದು ಹುಡುಗನ ತಾಯಿಯಲ್ಲ, ಅಜ್ಜಿ. ಅವರ ಮನೆಮಾತು ತೆಲುಗು. ಆ ಸೀಮೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಒಂದೇ ವಾಕ್ಯದಲ್ಲಿ ಹುಡುಗನ ಕ್ರಿಯಾಪದ ತಿದ್ದಿದ ನಾನು ಕರ್ತೃವನ್ನೇ ತಪ್ಪಾಗಿ ಓದಿದ್ದೆ.

ತಟ್ಟೆಯಲ್ಲಿ ಬಿಸಿ ರಾಗಿಮುದ್ದೆ. ಅಜ್ಜಿ ಅದನ್ನು ಸಂಗಟಿ ಎಂದರು, ಸೊಸೆ ಮುದ್ದೆ ಎಂದರು. ಮುದ್ದೆ ನಮ್ಮ ಕಡೆಯದರ ಹಾಗೆ ನುಣ್ಣಗಿರಲಿಲ್ಲ, ನಡುವೆ ಅನ್ನದ ಅಗುಳು ಸಿಗುತ್ತಿತ್ತು. ಒಂದು ಬದಿಗೆ ತೊಗರಿಬೇಳೆ, ಸೊಪ್ಪು ಮಸೆದ ಪಪ್ಪು. ಇನ್ನೊಂದು ಬದಿಗೆ ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಸೇರಿಸಿ ಕಲ್ಲಿನಲ್ಲಿ ತರಿತರಿಯಾಗಿ ಅರೆದ ಗಟ್ಟಿ ಚಟ್ನಿ.

"ಇದಕ್ಕ ಏನಂತೀರಿ ಅಜ್ಜಿ?" ಎಂದ ಗೆಳೆಯ.

"ಊರುಬಿಂಡಿ."

ಅವನು ತುತ್ತು ಕೈಯಲ್ಲಿರುವಂತೆಯೇ ನನ್ನತ್ತ ತಿರುಗಿದ. ಕಣ್ಣಲ್ಲಿ ಗೆದ್ದ ಹೊಳಪು. ಬಿಂಡಿ! ತೆಲುಗಿನಲ್ಲಿ ಹಿಟ್ಟಿಗೆ ಪಿಂಡಿ ಎನ್ನುತ್ತಾರೆ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ತೆಲುಗಿನಲ್ಲಿ ಅವು ಪಾಲು, ಪುಲಿಯಾಗಿಯೇ ಉಳಿದವು. ಪಿಂಡಿ, ಬಿಂಡಿ, ಹಿಂಡಿ ಮೂರೂ ಅಕ್ಕತಂಗಿಯರು ಎಂಬುದು ಅವನ ಲೆಕ್ಕ. ಬೆಳಿಗ್ಗೆ ಚಳ್ಳಕೆರೆಯಲ್ಲಿ ದನದ ಮೇವೆಂದು ನಗೆಗೀಡಾದ ಅವನ ಹಿಂಡಿ ಸಂಜೆಗೆ ಮೊಳಕಾಲ್ಮೂರಿನ ತಟ್ಟೆಯಲ್ಲಿ ಮರ್ಯಾದೆ ಪಡೆದಿತ್ತು. ಮೂರು ಸಲ ಬಡಿಸಿಕೊಂಡ.

ಅಜ್ಜಿ ಮೊದಲು ನಮಗಷ್ಟೇ ಬಡಿಸಿದ್ದರು. ನೀವೂ ಕೂತುಕೊಳ್ಳಿ ಎಂದು ಒತ್ತಾಯ ಮಾಡಿದಾಗ ತಮ್ಮ ತಟ್ಟೆ ತಂದು ಎದುರಿಗೆ ಕೂತು, ನಗುತ್ತಾ "ಮನಂ ತಿಂದಾಂ" ಎಂದರು. ನಾವು ತಿನ್ನೋಣ ಎಂದು ಅರ್ಥ ಮಾಡಿಕೊಂಡು ತಲೆಯಾಡಿಸಿದೆ. ಆತಿಥೇಯರು ತಡೆದು ಬಿಡಿಸಿ ಹೇಳಿದರು: "ಬರೀ ನಾವು ಅಲ್ಲ ಸಾರ್. ಮೇಮು ಅಂದ್ರೆ ನಿಮ್ಮನ್ನ ಬಿಟ್ಟು ನಾವು. ಮನಂ ಅಂದ್ರೆ ನಿಮ್ಮನ್ನೂ ಸೇರ್ಸಿ ನಾವು."

ಕನ್ನಡದಲ್ಲಿ ಇರುವುದು ಒಂದೇ 'ನಾವು'. ನಾವು ಊಟಕ್ಕೆ ಹೊರಟಿದ್ದೇವೆ ಎಂದರೆ ಎದುರಿಗಿರುವವನು ಎದ್ದು ಜೊತೆಗೆ ಬರಬೇಕೋ, ಹೋಗಿಬನ್ನಿ ಎನ್ನಬೇಕೋ ಸಂದರ್ಭವೇ ಹೇಳಬೇಕು. ತೆಲುಗಿನಲ್ಲಿ ಆ ಅನುಮಾನಕ್ಕೆ ಜಾಗವಿಲ್ಲ. ಕೇಳುವವನು ಒಳಗೋ ಹೊರಗೋ ಎಂಬುದನ್ನು ಪದವೇ ಮೊದಲು ಇತ್ಯರ್ಥ ಮಾಡುತ್ತದೆ. ಮೊಮ್ಮಗನ ಬಾಯಿ ಮುಚ್ಚಿಸಿ ಬಂದವನನ್ನು ಆ ಅಜ್ಜಿ ಒಳಗಿನ 'ನಾವು'ವಿನಲ್ಲಿ ಸೇರಿಸಿಕೊಂಡಿದ್ದರು. ಹುಡುಗ ಗೋಡೆಗೆ ಒರಗಿ ತಲೆ ತಗ್ಗಿಸಿ ಉಣ್ಣುತ್ತಿದ್ದ.

ರಾತ್ರಿ ಜಗುಲಿಯಲ್ಲಿ ಮಲಗಿದಾಗ ಗೆಳೆಯನಿಗೂ ನಿದ್ದೆ ಬಂದಿರಲಿಲ್ಲ. ಅವನಿಗೆ ತೆಲುಗು ಬರುತ್ತದೆ. ಆ ಭಾಷೆಯಲ್ಲಿ ಅವಳು ಬಂದಳು ಎನ್ನಲು 'ಆಮೆ ವಚ್ಚಿಂದಿ', ಹಸು ಬಂತು ಎನ್ನಲು 'ಆವು ವಚ್ಚಿಂದಿ' ಎಂದ. ಏಕವಚನದಲ್ಲಿ ಹೆಣ್ಣಿಗೂ ಹಸುವಿಗೂ ಬಸ್ಸಿಗೂ ಕ್ರಿಯಾಪದದ ರೂಪ ಒಂದೇ. ಅದರಲ್ಲಿ ಅಗೌರವದ ಸುಳಿವೂ ಇಲ್ಲ. ಗೌರವಕ್ಕೆ ಬಹುವಚನ ಅಲ್ಲಿಯೂ ಬೇರೆ ಇದೆ. ಹುಡುಗ ಮನೆಯ ವ್ಯಾಕರಣವನ್ನು ಶಾಲೆಯ ಪದಗಳಲ್ಲಿ ಆಡಿದ್ದ, ಅಷ್ಟೇ.

ಆಮೇಲೆ ಅವನು ನಿದ್ದೆಹೋದ. ನನಗೆ ಮಂಡ್ಯದ ಹಳ್ಳಿಯ ನನ್ನ ಅಜ್ಜಿ ನೆನಪಾಯಿತು. ಅಲ್ಲಿ ತೆಲುಗಿನ ಗಾಳಿಯೂ ಇರಲಿಲ್ಲ. ಆದರೂ ನಾವೆಲ್ಲ "ಅಜ್ಜಿ ಬಂತು", "ತಾತ ಹೇಳ್ತು" ಎಂದೇ ಬೆಳೆದವರು. ಮಗು ಬಂತು ಎನ್ನುವಾಗ ಇರುವ ಅಕ್ಕರೆಯೇ ಅದರಲ್ಲೂ ಇತ್ತು. ಶಾಲೆಯಲ್ಲಿ ಮೇಷ್ಟರು ಒಮ್ಮೆ ಇಡೀ ತರಗತಿಯ ಎದುರು ಅದನ್ನು ತಿದ್ದಿದರು. ಏನು ಹೇಳಿ ತಿದ್ದಿದರು ಎಂಬುದು ಮರೆತಿದೆ. ನನ್ನ ಕಿವಿ ಬಿಸಿಯಾದದ್ದು ಮರೆತಿಲ್ಲ.

ಬೆಳಿಗ್ಗೆ ಬಸ್ಸಿಗೆ ಕಳಿಸಲು ಹುಡುಗ ಬಂದ. ಅವನಾಗಿ ಬಂದನೋ ಅಪ್ಪ ಕಳಿಸಿದರೋ ತಿಳಿಯದು. ನಿಲ್ದಾಣದ ಪಕ್ಕದ ತಳ್ಳುಗಾಡಿಯಲ್ಲಿ ಮತ್ತದೇ ಅರಿಸಿನ ಬಣ್ಣದ ಗುಡ್ಡೆ. ಗಾಡಿಯವನು ಅದನ್ನು ಉಗ್ಗಾನಿ ಎಂದ. ಮಂಡಕ್ಕಿಗೆ ಅವನು ಬೊರುಗುಲು ಎಂದದ್ದನ್ನು ನಾನು ತಿದ್ದಲಿಲ್ಲ. ಮೂರು ತಟ್ಟೆ ಹೇಳಿದೆ. ಹುಡುಗ ತನ್ನ ತಟ್ಟೆಯ ಬಜ್ಜಿಯನ್ನು ಕೊನೆಗೆಂದು ಬದಿಗಿಟ್ಟು ತಿಂದ. ಆನೆಯ ವಿಷಯ ನಾನಾಗಿಯೇ ತೆಗೆದೆ. ದಸರೆಯ ಸಮಯದಲ್ಲಿ ಬೆಳಿಗ್ಗೆ ಸಂಜೆ ತಾಲೀಮಿಗೆ ಬೀದಿಯಲ್ಲಿ ನಡೆಸುತ್ತಾರೆ ಎಂದೆ. ಅವನು ತಲೆಯಾಡಿಸಿದ. ನಿನ್ನೆಯ ಮಾತಿನ ಬಗ್ಗೆ ಏನಾದರೂ ಹೇಳಬೇಕು ಎಂದು ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ತಿರುವಿನಲ್ಲಿ ಧೂಳೆದ್ದಿತು.

ಹುಡುಗ ಬಾಯೊಳಗೆ ಒಮ್ಮೆ ಹೇಳಿ ನೋಡಿಕೊಂಡು, ಆಮೇಲೆ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದ:

"ಸಾರ್, ಬಸ್ಸು ಬಂದ್ರು."

ಗೆಳೆಯ ನನ್ನ ಮುಖ ನೋಡಲಿಲ್ಲ. ನಾನು ಹುಡುಗನ ತಲೆ ಸವರಿ ಬಸ್ಸು ಹತ್ತಿದೆ.

ಮೈಸೂರಿಗೆ ಬಂದು ಫೋನಿನ ಫೋಟೊಗಳನ್ನು ನೋಡುತ್ತಾ ಕೂತಾಗ 'ಹಕ್ಕಿ ರೊಟ್ಟಿ' ಬೇರೆಯೇ ಕಂಡಿತು. ನಮ್ಮ ಎಷ್ಟೋ ಊರುಗಳ ಮಾತಿನಲ್ಲಿ ಹಕಾರ ಇಲ್ಲ. ಹಾಲು ಆಲು, ಹಣ್ಣು ಅಣ್ಣು. ಹಾಗೆ ಆಡಿದ್ದಕ್ಕೆ ಬೈಸಿಕೊಂಡವನು ಬರೆಯುವಾಗ ಎಲ್ಲಿ ಹಕಾರ ಬಿಟ್ಟುಹೋಯಿತೋ ಎಂದು ಹೆದರಿ, ಬೇಡದ ಅಕ್ಕಿಗೂ ಒಂದನ್ನು ಹಾಕುತ್ತಾನೆ. ಆ ಫಲಕ ಬರೆದವನಿಗೆ ಅಕ್ಕಿ ಎನ್ನಲು ಬರುತ್ತಿತ್ತು. ಕೆಡಿಸಿದ್ದು ತಿದ್ದಿದವರು. ಬಸ್ಸಿಗೆ ಬಹುವಚನ ಸಿಕ್ಕಿದ್ದೂ ಇದೇ ದಾರಿಯಲ್ಲಿ. ಮೂವತ್ತು ವರ್ಷ ನಾನು ನಕ್ಕ ಫಲಕಗಳಲ್ಲಿ ಎಷ್ಟು ತಪ್ಪುಗಳು ತಿಳಿಯದೆ ಆದವು, ಎಷ್ಟು ಹೆದರಿ ಆದವು ಎಂದು ಈಗ ಎಣಿಸಲಾರೆ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಈ ಕಷ್ಟವನ್ನು ಆಗಲೇ ಕಂಡಿತ್ತು. ದೇಶಕ್ಕೊಂದು ಬಗೆ ಇರುವುದರಿಂದ ಕನ್ನಡಗಳ ದೋಷ ಇಷ್ಟೇ ಎಂದು ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತು ಅದರಲ್ಲಿದೆ. ಅಲ್ಲಿರುವುದು ಕನ್ನಡವಲ್ಲ, 'ಕನ್ನಡಂಗಳ್'. ಆ ಬಹುವಚನವನ್ನು ಎಷ್ಟೋ ಸಲ ಓದಿದ್ದೆ. ಅಚ್ಚಿನ ದೋಷ ಇದೆಯೇ ಎಂದು ನೋಡಿದ್ದೆನೇ ಹೊರತು ಓದಿರಲಿಲ್ಲ.

ನಾನು ಕೆಂಪು ಪೆನ್ನು ಬಿಟ್ಟಿಲ್ಲ. ಬರಹಕ್ಕೆ ಒಂದು ಕಟ್ಟು ಬೇಕು. ಅಕ್ಕಿ ರೊಟ್ಟಿಯನ್ನು ಹಕ್ಕಿ ರೊಟ್ಟಿ ಎಂದು ಅಚ್ಚು ಹಾಕಲು ಇಂದಿಗೂ ಬಿಡುವುದಿಲ್ಲ. ಆದರೆ ಕತೆಯೊಂದರಲ್ಲಿ ಯಾರಾದರೂ ಬಾಯಿಬಿಟ್ಟು "ಅವ್ವ ಕರೀತೈತೆ" ಎಂದರೆ, ಉದ್ಧರಣ ಚಿಹ್ನೆಯೊಳಗಿನ ಆ ಮಾತಿನ ಮೇಲೆ ಪೆನ್ನು ಇಳಿಯುವುದಿಲ್ಲ. ಅನುಮಾನ ಬಂದರೆ ಬರೆದವರಿಗೆ ಫೋನು ಮಾಡಿ, ನಿಮ್ಮದು ಯಾವ ಸೀಮೆ ಎಂದು ಕೇಳುತ್ತೇನೆ. ಅದಕ್ಕೂ ಮೊದಲು ಹೇಗಿದ್ದೀರಿ ಎಂದು ಕೇಳುತ್ತೇನೆ.

ಆ ಹುಡುಗನ ಮನೆಗೆ ಮಾತ್ರ ಇನ್ನೂ ಫೋನು ಮಾಡಿಲ್ಲ.